ಹಾಸಿಗೆಗೆ ಕಟ್ಟಿಹಾಕಿದ ಭತ್ಯೆ: ಐರ್ಲೆಂಡಿನ ಇಬ್ಬರು ಆಶ್ರಯಾರ್ಥಿಗಳ ಪ್ರಕರಣ

2023ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ಒಬ್ಬರು, ಮಾರ್ಚಿನಲ್ಲಿ ಭಾರತದ ಒಬ್ಬರು ಐರ್ಲೆಂಡಿನಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿದರು. ಕೋರ್ಟಿನ ಕಡತದಲ್ಲಿ ಮೊದಲನೆಯವರು ಎಸ್.ಎ., ಎರಡನೆಯವರು ಆರ್.ಜೆ. ಅರ್ಜಿ ಸ್ವೀಕಾರವಾಯಿತು. ಇಬ್ಬರ ಕೈಗೂ 25 ಯೂರೋಗಳ ಒಂದೊಂದು ವೋಚರ್ ಬಂತು. ಆಶ್ರಯಾರ್ಥಿಗಳಿಗೆ ವಸತಿ ಹೊಂದಿಸುವ ಸರ್ಕಾರಿ ವ್ಯವಸ್ಥೆಯಾದ ಐಪಾಸ್‌ನ ಕೇಂದ್ರಗಳೆಲ್ಲ ಭರ್ತಿಯಾಗಿವೆ, ಜಾಗ ಸಿಕ್ಕಾಗ ತಿಳಿಸುತ್ತೇವೆ ಎಂಬ ಉತ್ತರವೂ ಬಂತು. ಜಾಗ ಸಿಗಲು ಒಬ್ಬರಿಗೆ ಸುಮಾರು ಹತ್ತು ವಾರ, ಇನ್ನೊಬ್ಬರಿಗೆ ಒಂಬತ್ತು ವಾರ ಹಿಡಿಯಿತು. ಅಲ್ಲಿಯವರೆಗೆ ಹೆಚ್ಚಿನ ರಾತ್ರಿಗಳು ಬೀದಿಯಲ್ಲೇ ಕಳೆದವು. ಆಗೊಮ್ಮೆ ಈಗೊಮ್ಮೆ ಯಾರದೋ ತಾತ್ಕಾಲಿಕ ಆಸರೆ. ಹೊಟ್ಟೆತುಂಬ ಊಟವಿಲ್ಲ, ಸ್ನಾನಕ್ಕೆ, ಬಟ್ಟೆ ಒಗೆಯಲು ಜಾಗವಿಲ್ಲ, ಜೊತೆಗೆ ಸದಾ ಹೊಡೆತ ಬೀಳುವ ಭಯ.

ಇಬ್ಬರೂ ಡಬ್ಲಿನ್‌ನ ಹೈಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹೂಡಿದರು. ಐರೋಪ್ಯ ಒಕ್ಕೂಟದ ಕಾನೂನನ್ನು ಪಾಲಿಸಿಲ್ಲ ಎಂದು ಸರ್ಕಾರ ಅಲ್ಲೇ ಒಪ್ಪಿಕೊಂಡಿತು. ಉಳಿದದ್ದು ಒಂದೇ ವಾದ: ಉಕ್ರೇನ್ ಯುದ್ಧದಿಂದಾಗಿ ಜನ ಒಮ್ಮೆಲೇ ನುಗ್ಗಿ ಬಂದರು, ಪರಿಸ್ಥಿತಿ ಕೈಮೀರಿತ್ತು, ಆದ್ದರಿಂದ ಪರಿಹಾರ ಕೊಡುವ ಹೊಣೆ ನಮ್ಮದಲ್ಲ. ಹೈಕೋರ್ಟ್ ಈ ಪ್ರಶ್ನೆಯನ್ನು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಕಳಿಸಿತು. ಅಲ್ಲಿ ಸಿ-97/24 ಸಂಖ್ಯೆಯ ಪ್ರಕರಣವಾಗಿ ದಾಖಲಾದ ಇದರ ತೀರ್ಪು 2025ರ ಆಗಸ್ಟ್ 1ರಂದು ಬಂತು. ಸರ್ಕಾರದ ವಾದ ನಿಲ್ಲಲಿಲ್ಲ.

ತೀರ್ಪು ಬಂದ ದಿನ, ಜಾಗವಿಲ್ಲ ಎಂದು ಹೇಳಿ ಸರ್ಕಾರ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಒಂದು ಸಾಲಿನಲ್ಲೇ ಸುದ್ದಿ ಮುಗಿದುಹೋಯಿತು. ಆದರೆ ಕಡತವನ್ನು ಬಿಡಿಸಿ ನೋಡಿದರೆ ಕಾಣುವುದು ಜಾಗದ ಸಮಸ್ಯೆಗಿಂತ ಹೆಚ್ಚಾಗಿ ಒಂದು ನಿಯಮದ ಸಮಸ್ಯೆ. ಅಂದಿನ ಐರಿಷ್ ವ್ಯವಸ್ಥೆಯಲ್ಲಿ ಆಶ್ರಯಾರ್ಥಿಯ ದಿನಖರ್ಚಿನ ಭತ್ಯೆ ವಾರಕ್ಕೆ 38.80 ಯೂರೋ. ಅದು ಸಿಗುತ್ತಿದ್ದದ್ದು ಐಪಾಸ್ ಕೇಂದ್ರದಲ್ಲಿ ಹಾಸಿಗೆ ಇದ್ದವರಿಗೆ ಮಾತ್ರ. ಊಟವೂ ಕೇಂದ್ರದಲ್ಲೇ. ಅಂದರೆ ಹಾಸಿಗೆ ತಪ್ಪಿದವನಿಗೆ ಊಟವೂ ತಪ್ಪಿತು, ಹಣವೂ ತಪ್ಪಿತು. ಮೂರೂ ಬೇರೆಬೇರೆ ಸೌಲಭ್ಯಗಳು. ಆಡಳಿತ ಅವನ್ನು ಒಂದೇ ಬೀಗದೊಳಗೆ ಇಟ್ಟಿತ್ತು. ಲೆಕ್ಕ ಹಾಕಿ ನೋಡಿ: ಹತ್ತು ವಾರಕ್ಕೆ ಆ ಭತ್ಯೆ 388 ಯೂರೋ ಆಗುತ್ತಿತ್ತು. ಸಿಕ್ಕಿದ್ದು 25. ದಿನಕ್ಕೆ ಹಂಚಿದರೆ ಸುಮಾರು 36 ಸೆಂಟ್.

ದುಡಿದು ತಿನ್ನಬಹುದಿತ್ತಲ್ಲ ಎಂದು ಕೇಳುವವರಿರುತ್ತಾರೆ. ಆ ದಾರಿಯೂ ಇರಲಿಲ್ಲ. ಐರ್ಲೆಂಡಿನಲ್ಲಿ ಆಗ ಆಶ್ರಯಾರ್ಥಿ ಕೆಲಸದ ಪರವಾನಗಿಗೆ ಅರ್ಜಿ ಹಾಕಲು ಐದು ತಿಂಗಳು ಕಾಯಬೇಕಿತ್ತು. ಆರು ತಿಂಗಳಾದರೂ ಮೊದಲ ಹಂತದ ನಿರ್ಧಾರ ಬರದಿದ್ದರಷ್ಟೇ ಪರವಾನಗಿ ಸಿಗುತ್ತಿತ್ತು. ಮೊದಲ ಹತ್ತು ವಾರಗಳಲ್ಲಿ ಸರ್ಕಾರ ಕೊಟ್ಟರೆ ಉಂಟು, ಇಲ್ಲವಾದರೆ ದಾನಿಗಳ ಊಟದ ಸಾಲು.

ಕಾನೂನು ಏನು ಕೇಳುತ್ತದೆ

ಇಲ್ಲಿನ ಮೂಲ ಕಾನೂನು, ಆಶ್ರಯಾರ್ಥಿಗಳಿಗೆ ಕೊಡಬೇಕಾದ ಸೌಲಭ್ಯಗಳ ಕುರಿತ 2013/33 ಸಂಖ್ಯೆಯ ಐರೋಪ್ಯ ನಿರ್ದೇಶನ. ಐರ್ಲೆಂಡ್ ಇದಕ್ಕೆ ಮೊದಲು ಸೇರಿರಲಿಲ್ಲ. ಆಶ್ರಯಾರ್ಥಿಗಳಿಗೆ ಕೆಲಸದ ಹಕ್ಕನ್ನು ಪೂರ್ತಿ ನಿಷೇಧಿಸುವುದು ಸಂವಿಧಾನಬಾಹಿರ ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಬಳಿಕ, 2018ರಲ್ಲಿ ಸೇರಿತು. ಹೀಗೆ ಸ್ವಇಚ್ಛೆಯಿಂದ ಹೊತ್ತ ಹೊಣೆ ಇದು.

ನಿರ್ದೇಶನದ ನಾಲ್ಕು ವಿಧಿಗಳು ಸಾಕು ಈ ಪ್ರಕರಣ ಅರ್ಥವಾಗಲು. 2ನೇ ವಿಧಿ ಸೌಲಭ್ಯ ಅಂದರೆ ಏನು ಎಂದು ಹೇಳುತ್ತದೆ: ವಸತಿ, ಆಹಾರ, ಬಟ್ಟೆ, ಮತ್ತು ದಿನಖರ್ಚಿನ ಭತ್ಯೆ. ಮೊದಲ ಮೂರನ್ನು ವಸ್ತುರೂಪದಲ್ಲಾದರೂ ಕೊಡಬಹುದು, ಹಣವಾಗಿ ಅಥವಾ ವೋಚರ್ ಆಗಿಯಾದರೂ ಕೊಡಬಹುದು, ಬೆರೆಸಿಯೂ ಕೊಡಬಹುದು. 17ನೇ ವಿಧಿ ಯಾವಾಗಿನಿಂದ, ಎಷ್ಟು ಎಂಬುದನ್ನು ಹೇಳುತ್ತದೆ: ಅರ್ಜಿ ಹಾಕಿದಾಗಿನಿಂದಲೇ, ಬದುಕು ಸಾಗುವಷ್ಟು, ದೇಹ ಮತ್ತು ಮನಸ್ಸಿನ ಆರೋಗ್ಯ ಉಳಿಯುವಷ್ಟು. 20ನೇ ವಿಧಿ ಸೌಲಭ್ಯ ಕಡಿತಕ್ಕೆ ಸಂಬಂಧಿಸಿದ್ದು. ಶಿಕ್ಷೆಯಾಗಿ ಕಡಿತ ಮಾಡಿದರೂ ಘನತೆಯ ಬದುಕಿನ ಮಟ್ಟಕ್ಕಿಂತ ಕೆಳಗೆ ತಳ್ಳುವಂತಿಲ್ಲ.

ನಾಲ್ಕನೆಯದು 18ನೇ ವಿಧಿಯ 9ನೇ ಉಪವಿಧಿ. ಇಡೀ ಮೊಕದ್ದಮೆ ತಿರುಗಿದ್ದು ಇದರ ಸುತ್ತಲೇ. ಮಾಮೂಲಿಯಾಗಿ ಲಭ್ಯವಿರುವ ವಸತಿ ತಾತ್ಕಾಲಿಕವಾಗಿ ಮುಗಿದುಹೋದರೆ, ಸರ್ಕಾರ ಬೇರೆ ರೀತಿಯ ವ್ಯವಸ್ಥೆ ಮಾಡಬಹುದು ಎನ್ನುತ್ತದೆ ಅದು. ಷರತ್ತುಗಳಿವೆ: ತಕ್ಕ ಕಾರಣ ಇರಬೇಕು, ಅವಧಿ ಸಾಧ್ಯವಾದಷ್ಟು ಚಿಕ್ಕದಿರಬೇಕು, ಮತ್ತು ಆ ಬದಲಿ ವ್ಯವಸ್ಥೆ ಏನೇ ಆದರೂ ಮೂಲ ಅಗತ್ಯಗಳನ್ನು ಪೂರೈಸಲೇಬೇಕು. ಮೊದಲೆರಡು ಷರತ್ತುಗಳ ಬಗ್ಗೆ ವಾದ ಮಾಡಲು ಸಾಧ್ಯ. ಮೂರನೆಯದರಲ್ಲಿ ವಾದಕ್ಕೆ ಅವಕಾಶವೇ ಇಲ್ಲ.

ಐರ್ಲೆಂಡಿಗೆ ತೊಡಕಾಗಿದ್ದೂ ಇದೇ. ಕೈಮೀರಿದ ಪರಿಸ್ಥಿತಿ ಎಂದು ವಾದಿಸುವವರು ಎರಡು ಸಂಗತಿ ತೋರಿಸಬೇಕು: ಘಟನೆ ಅಸಾಮಾನ್ಯ, ಊಹೆಗೂ ಮೀರಿದ್ದು, ತಮ್ಮ ನಿಯಂತ್ರಣದ ಹೊರಗಿನದು, ಮತ್ತು ಎಲ್ಲ ಎಚ್ಚರ ವಹಿಸಿದ್ದರೂ ಅದರ ಪರಿಣಾಮ ತಪ್ಪಿಸಲಾಗುತ್ತಿರಲಿಲ್ಲ. ಮೊದಲನೆಯದರಲ್ಲಿ ಐರ್ಲೆಂಡಿಗೆ ಬಲವಿತ್ತು, ಒಪ್ಪಬೇಕು. 2019ರಲ್ಲಿ ಐದು ಸಾವಿರಕ್ಕೂ ಕಡಿಮೆಯಿದ್ದ ಆಶ್ರಯದ ಅರ್ಜಿಗಳು 2022ರಲ್ಲಿ 13 ಸಾವಿರ ದಾಟಿದವು. ಅದರ ಮೇಲೆ, 2022ರ ಮಾರ್ಚ್ 4ರಂದು ಒಕ್ಕೂಟ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಮೊದಲ ಬಾರಿಗೆ ಜಾರಿಗೆ ತಂದಿತು; ಉಕ್ರೇನಿನಿಂದ ಹತ್ತಾರು ಸಾವಿರ ಜನ ಐರ್ಲೆಂಡಿಗೆ ಬಂದರು, ಬಹಳಷ್ಟು ಹೋಟೆಲು ಕೋಣೆಗಳು ಅವರಿಗೇ ಹೋದವು. ಆದರೆ ಎರಡನೆಯ ಸಂಗತಿಯಲ್ಲಿ ವಾದ ಕುಸಿಯಿತು. ಕೇಂದ್ರಗಳು ಭರ್ತಿಯಾಗುವ ಸಂದರ್ಭವನ್ನು ಶಾಸನವೇ ಮೊದಲು ಊಹಿಸಿ, ಆಗ ಏನು ಮಾಡಬೇಕು ಎಂದೂ ಬರೆದಿಟ್ಟಿದೆ. ದಾರಿಯನ್ನು ಹೀಗೆ ಬರೆದಿಟ್ಟಿರುವಾಗ ಪರಿಣಾಮ ತಪ್ಪಿಸಲಾಗಲಿಲ್ಲ ಅನ್ನುವುದು ಹೇಗೆ? ಹಾಸಿಗೆ ಇಲ್ಲದಿದ್ದರೂ ಭತ್ಯೆ ಕೊಡಲು, ವಾರವಾರ ವೋಚರ್ ಕೊಡಲು, ಕೇಂದ್ರಗಳ ಹೊರಗೆ ತಂಗುವ ವ್ಯವಸ್ಥೆ ಮಾಡಲು ಏಕೆ ಆಗಲಿಲ್ಲ ಎಂಬುದಕ್ಕೆ ಸರ್ಕಾರದ ಬಳಿ ಉತ್ತರ ಇರಲಿಲ್ಲ. ಆ ದಿನಗಳಲ್ಲಿ ದೇಶದಲ್ಲಿ ತಾತ್ಕಾಲಿಕ ವಸತಿಯ ಬಿಡಿ ಜಾಗಗಳು ಖಾಲಿ ಇದ್ದವು ಎಂಬುದೂ ದಾಖಲೆಯಲ್ಲಿತ್ತು.

ಪರಿಹಾರದ ಮೂರು ಮೆಟ್ಟಿಲು

ಒಕ್ಕೂಟದ ಕಾನೂನನ್ನು ಸರ್ಕಾರ ಮುರಿದ ಮಾತ್ರಕ್ಕೆ ಹಣ ಸಿಗುವುದಿಲ್ಲ. ಲಕ್ಸೆಂಬರ್ಗ್ ನ್ಯಾಯಾಲಯದ ಹಿಂದಿನ ಫ್ರಾಂಕೊವಿಚ್ ಪ್ರಕರಣದಿಂದ ಬೆಳೆದು ಬಂದ ಮೂರು ಷರತ್ತು ತುಂಬಬೇಕು: ಮುರಿದ ನಿಯಮ ವ್ಯಕ್ತಿಗೆ ಹಕ್ಕು ಕೊಡುವಂಥದ್ದಾಗಿರಬೇಕು, ಉಲ್ಲಂಘನೆ ಸಾಕಷ್ಟು ಗಂಭೀರವಾಗಿರಬೇಕು, ಉಲ್ಲಂಘನೆಗೂ ಹಾನಿಗೂ ನೇರ ಸಂಬಂಧವಿರಬೇಕು. ಒಂದನೆಯದು ಮತ್ತು ಮೂರನೆಯದು ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಜಗಳವೆಲ್ಲ ಎರಡನೆಯದರ ಮೇಲೆ. ಸರ್ಕಾರಕ್ಕೆ ವಿವೇಚನೆಯ ಅಧಿಕಾರ ಇರುವ ಕಡೆ, ಅದರ ಎಲ್ಲೆಯನ್ನು ಎದ್ದುಕಾಣುವಂತೆ, ತೀವ್ರವಾಗಿ ಮೀರಿದರಷ್ಟೇ ಉಲ್ಲಂಘನೆ ಗಂಭೀರ ಎನಿಸಿಕೊಳ್ಳುತ್ತದೆ. ಸೌಲಭ್ಯವನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದು ಸರ್ಕಾರದ ವಿವೇಚನೆ. ಕೊಡಬೇಕೋ ಬೇಡವೋ ಎಂಬುದು ಅಲ್ಲ. ಆಶ್ರಯಾರ್ಥಿಯನ್ನು ತಾತ್ಕಾಲಿಕವಾಗಿಯಾದರೂ ಏನೂ ಇಲ್ಲದೆ ಬಿಟ್ಟರೆ ಆ ಎಲ್ಲೆ ದಾಟಿದಂತೆ ಎಂದು ನ್ಯಾಯಾಲಯ ನೋಡಿತು. ಹಲವು ವಾರ ಹಾಗೆ ಬಿಟ್ಟ ಸರ್ಕಾರ, ಜನಪ್ರವಾಹವನ್ನು ತೋರಿಸಿ ಹೊಣೆ ಜಾರಿಸಿಕೊಳ್ಳುವಂತಿಲ್ಲ. ಮೊತ್ತ ಎಷ್ಟು ಎಂಬುದು ಐರಿಷ್ ಕೋರ್ಟಿನ ಕೆಲಸ.

ಇದು ಆಕಾಶದಿಂದ ಬಿದ್ದ ತೀರ್ಪೇನಲ್ಲ. 2010ರ ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ಮೂವರು ಮಕ್ಕಳಿದ್ದ ಒಂದು ಕುಟುಂಬ ಆಶ್ರಯ ಕೋರಿತು. ಅಲ್ಲಿನ ವಸತಿ ಸಂಸ್ಥೆ ಫೆಡಾಸಿಲ್ ಜಾಗವಿಲ್ಲ ಎಂದು ಅವರನ್ನು ಸ್ಥಳೀಯ ಸಮಾಜ ಕಲ್ಯಾಣ ಕೇಂದ್ರಕ್ಕೆ ಕಳಿಸಿತು. ಕಲ್ಯಾಣ ಕೇಂದ್ರ, ನೀವು ಫೆಡಾಸಿಲ್‌ನ ವಸತಿಯಲ್ಲಿ ಇರಬೇಕಾದವರು ಎಂದು ನೆರವು ನಿರಾಕರಿಸಿತು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದಾಟ. ಸಾಚಿರಿ ಎಂದು ಹೆಸರಾದ ಆ ಪ್ರಕರಣದಲ್ಲಿ 2014ರ ಫೆಬ್ರವರಿ 27ರಂದು ಲಕ್ಸೆಂಬರ್ಗ್ ನ್ಯಾಯಾಲಯ ಹೇಳಿದ್ದು ಇಷ್ಟು: ಕೇಂದ್ರ ಭರ್ತಿಯಾದರೆ ಬೇರೆ ಇಲಾಖೆಗೆ ಕಳಿಸಬಹುದು, ಆದರೆ ಆ ಇಲಾಖೆ ಕನಿಷ್ಠ ಮಟ್ಟವನ್ನು ಪೂರೈಸಬೇಕು, ವಸತಿಯ ಬದಲು ಹಣ ಕೊಡುವುದಾದರೆ, ಬೇಕಾದಾಗ ಖಾಸಗಿ ಬಾಡಿಗೆ ಮಾರುಕಟ್ಟೆಯಲ್ಲಿ ಸೂರು ಸಿಗುವಷ್ಟಿರಬೇಕು, ಮಕ್ಕಳು ತಂದೆತಾಯಿಯೊಂದಿಗೇ ಇರುವಂತಾಗಬೇಕು. 2019ರ ನವೆಂಬರ್ 12ರ ಹಕ್‌ಬಿನ್ ತೀರ್ಪು ಇನ್ನೂ ಮುಂದೆ ಹೋಯಿತು: ಕೇಂದ್ರದಲ್ಲಿ ಹೊಡೆದಾಟ ಮಾಡಿದವನಿಗೂ ವಸತಿ, ಊಟ, ಬಟ್ಟೆಯನ್ನು ಪೂರ್ತಿಯಾಗಿ, ತಾತ್ಕಾಲಿಕವಾಗಿ ಕೂಡ, ತಪ್ಪಿಸುವಂತಿಲ್ಲ. ತಪ್ಪು ಮಾಡಿದವನಿಗೇ ತಪ್ಪಿಸಲಾಗದ್ದನ್ನು, ತಪ್ಪೇ ಮಾಡದೆ ಸಾಲಿನಲ್ಲಿ ತಡವಾಗಿ ನಿಂತವನಿಗೆ ತಪ್ಪಿಸುವುದು ಹೇಗೆ?

ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದ ಹಾದಿ ಬೇರೆ. ಅಲ್ಲಿ ಅಳೆಯುವುದು ಐರೋಪ್ಯ ಮಾನವ ಹಕ್ಕುಗಳ ಒಪ್ಪಂದದ, ಅಮಾನವೀಯವಾಗಿ ನಡೆಸಿಕೊಳ್ಳುವುದನ್ನು ನಿಷೇಧಿಸುವ 3ನೇ ವಿಧಿಯಿಂದ. ಮಾನದಂಡ ಹೆಚ್ಚು ಕಠಿಣ. 2011ರ ಜನವರಿ 21ರಂದು, ಅಥೆನ್ಸ್‌ನ ಬೀದಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಅಫ್ಘನ್ ಆಶ್ರಯಾರ್ಥಿಯ ಪ್ರಕರಣದಲ್ಲಿ ಗ್ರೀಸ್ ತಪ್ಪಿತಸ್ಥ ಎಂದಾಯಿತು. ಅವನನ್ನು ಅಲ್ಲಿಗೆ ವಾಪಸು ಕಳಿಸಿದ್ದಕ್ಕೆ ಬೆಲ್ಜಿಯಂ ಕೂಡ. 2020ರ ಜುಲೈ 2ರ ಫ್ರಾನ್ಸ್ ವಿರುದ್ಧದ ತೀರ್ಪು ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರ. ಅರ್ಜಿದಾರರು ಒಂಟಿ ಗಂಡಸರು, ಟೆಂಟ್‌ಗಳಲ್ಲಿ, ಬೀದಿಯಲ್ಲಿ ಇದ್ದವರು. ಮೂವರ ವಿಷಯದಲ್ಲಿ 3ನೇ ವಿಧಿಯ ಉಲ್ಲಂಘನೆ ಸಾಬೀತಾಯಿತು. ಇನ್ನೊಬ್ಬನ ವಿಷಯದಲ್ಲಿ ಆಗಲಿಲ್ಲ; ಅವನಿಗೂ ಸೂರಿರಲಿಲ್ಲ, ಆದರೆ ತಡವಾಗಿಯಾದರೂ ಸರ್ಕಾರದ ಭತ್ಯೆ ಬರತೊಡಗಿತ್ತು. ಸ್ಟ್ರಾಸ್‌ಬರ್ಗ್‌ನಲ್ಲಿ ಭತ್ಯೆಯೊಂದು ಸರ್ಕಾರವನ್ನು ಕಾಪಾಡಬಲ್ಲದು. ಲಕ್ಸೆಂಬರ್ಗ್‌ನಲ್ಲಿ ಆ ಭತ್ಯೆ ಸಾಕಷ್ಟಿದೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಎಲ್ಲಿ ದಾವೆ ಹೂಡಬೇಕು ಎಂದು ಯೋಚಿಸುವ ವಕೀಲರು ಈ ವ್ಯತ್ಯಾಸವನ್ನು ಮರೆಯಬಾರದು.

ವ್ಯವಸ್ಥೆ ಕುಸಿದದ್ದು ಎಲ್ಲಿ

ಐರ್ಲೆಂಡಿನಲ್ಲಿ 2000ದಿಂದ ನಡೆದು ಬಂದ ಪದ್ಧತಿಯಲ್ಲಿ ಸರ್ಕಾರ ಹೆಚ್ಚಾಗಿ ತಾನೇ ಕಟ್ಟಡ ಕಟ್ಟಲಿಲ್ಲ; ಹೋಟೆಲು, ಹಾಸ್ಟೆಲುಗಳ ಮಾಲೀಕರ ಜೊತೆ ಗುತ್ತಿಗೆ ಮಾಡಿಕೊಂಡಿತು. ಗುತ್ತಿಗೆ ಮುಗಿದರೆ ಹಾಸಿಗೆಯೂ ಹೋಯಿತು. ಪ್ರವಾಸದ ಕಾಲದಲ್ಲಿ ಮಾಲೀಕರಿಗೆ ಬೇರೆ ಗಿರಾಕಿಗಳು ಸಿಗುತ್ತಾರೆ. ಈ ಪದ್ಧತಿಯನ್ನು 2024ರ ಕೊನೆಯೊಳಗೆ ಕೈಬಿಡುತ್ತೇವೆ ಎಂದು 2021ರ ಶ್ವೇತಪತ್ರದಲ್ಲಿ ಸರ್ಕಾರ ಹೇಳಿತ್ತು. ಒಂದೆರಡು ವರ್ಷದಲ್ಲೇ ಅದೇ ಗುತ್ತಿಗೆಗಳ ಮೇಲೆ ಇನ್ನಷ್ಟು ಒರಗಬೇಕಾಯಿತು.

ಹೊರಹೋಗುವ ಬಾಗಿಲೂ ಕಟ್ಟಿಕೊಂಡಿತ್ತು. ಆಶ್ರಯ ಮಂಜೂರಾದವರು ಕೇಂದ್ರ ಬಿಟ್ಟು ಬಾಡಿಗೆ ಮನೆಗೆ ಹೋಗಬೇಕು, ಆದರೆ ದೇಶದಲ್ಲಿ ಬಾಡಿಗೆ ಮನೆಗಳೇ ಇಲ್ಲ. ಸಾವಿರಾರು ಜನ ಹೀಗೆ ಅರ್ಹತೆ ಪಡೆದೂ ಕೇಂದ್ರದಲ್ಲೇ ಉಳಿದರು. ಒಳಬರುವವರ ಸಂಖ್ಯೆಯನ್ನಷ್ಟೇ ಎಣಿಸಿ ಯೋಜನೆ ಮಾಡುವ ಇಲಾಖೆ ಯಾವ ದೇಶದಲ್ಲಾದರೂ ಇಲ್ಲೇ ಎಡವುತ್ತದೆ. ಎಷ್ಟು ಹಾಸಿಗೆ ಇವೆ ಎಂಬುದಕ್ಕಿಂತ, ಒಂದು ಹಾಸಿಗೆ ಎಷ್ಟು ದಿನಕ್ಕೊಮ್ಮೆ ಖಾಲಿಯಾಗುತ್ತದೆ ಎಂಬ ಲೆಕ್ಕ ಮುಖ್ಯ.

2023ರ ಜನವರಿ ಕೊನೆಯಲ್ಲಿ ಡಬ್ಲಿನ್ ಹೊರವಲಯದ ಸಿಟಿವೆಸ್ಟ್ ಕೇಂದ್ರ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕುಟುಂಬಗಳಿಗೆ, ಮಕ್ಕಳಿಗೆ ಆದ್ಯತೆ; ಒಂಟಿ ಗಂಡಸರು ಹೊರಗೆ. ಆದ್ಯತೆಯ ಕ್ರಮ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ತೊಂದರೆ ಇರುವುದು ದುರ್ಬಲರು ಯಾರು ಎಂದು ಪತ್ತೆ ಹಚ್ಚುವ ಹಂತದಲ್ಲಿ. ಅಂದಿನ ಐರಿಷ್ ನಿಯಮದ ಪ್ರಕಾರ ಈ ಮೌಲ್ಯಮಾಪನಕ್ಕೆ 30 ಕೆಲಸದ ದಿನಗಳ ಗಡುವು. ವಾರಾಂತ್ಯಗಳನ್ನು ಸೇರಿಸಿದರೆ ಆರು ವಾರ. ಚಿತ್ರಹಿಂಸೆಯ ಗಾಯವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಬಂದ ಇಪ್ಪತ್ತೈದರ ಯುವಕ ಮೊದಲ ದಿನದ ಕೌಂಟರಿನಲ್ಲಿ "ಒಂಟಿ ಗಂಡಸು" ಮಾತ್ರ. ಗಾಯದ ಬಗ್ಗೆ ಯಾರಾದರೂ ಕೇಳುವ ಹೊತ್ತಿಗೆ ಅವನು ಆರು ವಾರ ಬೀದಿಯಲ್ಲಿ ಕಳೆದಿರಬಹುದು. ಮೊದಲ ದಿನವೇ ಹತ್ತು ನಿಮಿಷದ ಪ್ರಶ್ನಾವಳಿ, ಒಬ್ಬ ನರ್ಸ್, ದುಭಾಷಿಗೆ ಒಂದು ಫೋನ್ ಲೈನ್ ಇಟ್ಟರೆ ಇದರ ಬಹುಪಾಲು ತಪ್ಪುತ್ತದೆ.

2023ರ ಏಪ್ರಿಲ್ 21ರಂದು ಇನ್ನೊಬ್ಬ ಅಫ್ಘನ್ ಆಶ್ರಯಾರ್ಥಿಯ ಅರ್ಜಿಯಲ್ಲಿ ಹೈಕೋರ್ಟ್, ಸರ್ಕಾರದ ನಡೆ ಕಾನೂನುಬಾಹಿರ, ಮಾನವ ಘನತೆಯ ಹಕ್ಕಿನ ಉಲ್ಲಂಘನೆ ಎಂದು ಘೋಷಿಸಿತು. ಅಂಗಡಿಯ ವೋಚರ್ ಮತ್ತು ದಾನಸಂಸ್ಥೆಗಳ ವಿಳಾಸ ಕೈಗಿಟ್ಟು ಕಳಿಸುವುದು ಸರ್ಕಾರದ ಹೊಣೆಯನ್ನು ಮುಗಿಸುವುದಿಲ್ಲ ಎಂಬುದು ಅದರ ತಿರುಳು. ಆ ವರ್ಷದ ಡಿಸೆಂಬರ್ 4ರಂದು ಒಂಟಿ ಗಂಡಸರಿಗೆ ವಸತಿ ಮತ್ತೆ ನಿಂತಾಗ ಸರ್ಕಾರ ಒಂದು ಪಾಠ ಕಲಿತಿತ್ತು: ವಸತಿ ಸಿಗದವರ ಭತ್ಯೆಗೆ ವಾರಕ್ಕೆ 75 ಯೂರೋ ಸೇರಿಸಿ 113.80 ಮಾಡಿತು. ಸಾವಿರ ಜನರಿಗೆ ವಾರಕ್ಕೆ 1,13,800 ಯೂರೋ. ಹಾಸಿಗೆಗೂ ಹಣಕ್ಕೂ ಹಾಕಿದ್ದ ಗಂಟನ್ನು ಬಿಚ್ಚಲು ಆಗುತ್ತಿತ್ತು, 2023ರ ಫೆಬ್ರವರಿಯಲ್ಲೂ ಆಗುತ್ತಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ 113.80 ಯೂರೋಗೆ ಡಬ್ಲಿನ್‌ನಲ್ಲಿ ವಾರಕ್ಕೊಂದು ಕೋಣೆ ಸಿಗುವುದಿಲ್ಲ. ಹಾಸ್ಟೆಲಿನ ಹಂಚಿಕೆಯ ಹಾಸಿಗೆಗೆ ಕೆಲವು ರಾತ್ರಿ ಸಾಲಬಹುದು. ಊಟ ಆಯಿತು, ಸೂರು ಆಗಲಿಲ್ಲ. ಆಶ್ರಯದ ಅರ್ಜಿ ಕಚೇರಿ ಇದ್ದ ಮೌಂಟ್ ಸ್ಟ್ರೀಟ್‌ನ ಪಾದಚಾರಿ ದಾರಿಯುದ್ದಕ್ಕೂ ಟೆಂಟ್‌ಗಳು ಎದ್ದವು. ಶೌಚಾಲಯವಿಲ್ಲ, ಕುಡಿಯುವ ನೀರಿನ ನಲ್ಲಿಯಿಲ್ಲ. 2024ರ ಮೇ 1ರಂದು ಇನ್ನೂರಕ್ಕೂ ಹೆಚ್ಚು ಜನರನ್ನು ಸಿಟಿವೆಸ್ಟ್ ಮತ್ತು ಡಬ್ಲಿನ್ ಬೆಟ್ಟದ ಬದಿಯ ಕ್ರೂಕ್ಸ್‌ಲಿಂಗ್‌ಗೆ ಬಸ್ಸಿನಲ್ಲಿ ಸಾಗಿಸಿ ಬೀದಿ ತೆರವು ಮಾಡಿದರು. ಕೆಲವೇ ದಿನಗಳಲ್ಲಿ ಗ್ರ್ಯಾಂಡ್ ಕೆನಾಲ್ ದಂಡೆಯ ಮೇಲೆ ಹೊಸ ಟೆಂಟ್‌ಗಳು, ಅವನ್ನು ತಡೆಯಲು ಬೇಲಿ.

ಟೆಂಟ್ ಹಾಕಲೇಬೇಕಾದ ತುರ್ತಿದ್ದರೂ ಅಳತೆಗೋಲು ಇದೆ. ಒಕ್ಕೂಟದ ಆಶ್ರಯ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗದರ್ಶಿ ಒಬ್ಬರಿಗೆ ಮಲಗುವ ಕೋಣೆಯಲ್ಲಿ ಕನಿಷ್ಠ 4 ಚದರ ಮೀಟರ್, ಹತ್ತು ಜನಕ್ಕೆ ಚಿಲಕ ಹಾಕಬಹುದಾದ ಒಂದು ಶೌಚಾಲಯ, ಹನ್ನೆರಡು ಜನಕ್ಕೆ ಒಂದು ಸ್ನಾನದ ಶವರ್ ಎನ್ನುತ್ತದೆ. ಅದು ಕಾನೂನಿನಂತೆ ಕಟ್ಟುವುದಿಲ್ಲ, ಆದರೆ ಕೋರ್ಟಿನಲ್ಲಿ ಹೋಲಿಸಲು ಒಂದು ಸಂಖ್ಯೆ ಸಿಗುತ್ತದೆ. ಇನ್ನೂರು ಜನರ ಶಿಬಿರಕ್ಕೆ ಈ ಲೆಕ್ಕದಲ್ಲಿ 20 ಶೌಚಾಲಯ, 17 ಶವರ್. ಐರ್ಲೆಂಡಿನ ಸ್ವಂತ ಮಾನದಂಡಗಳೂ 2021ರಿಂದ ಜಾರಿಯಲ್ಲಿವೆ, 2024ರ ಜನವರಿಯಿಂದ ಹಿಕ್ವಾ ಎಂಬ ತಪಾಸಣಾ ಸಂಸ್ಥೆ ಕೇಂದ್ರಗಳಿಗೆ ಭೇಟಿ ಕೊಡುತ್ತಿದೆ; ಆದರೆ ಖಾಯಂ ಕೇಂದ್ರಗಳಿಗೆ ಮಾತ್ರ. ತುರ್ತು ವಸತಿಗಳು, ಅಂದರೆ ಪರಿಸ್ಥಿತಿ ಅತಿ ಕೆಟ್ಟಿರುವ ಜಾಗಗಳು, ಅದರ ವ್ಯಾಪ್ತಿಯಿಂದ ಹೊರಗೆ.

ಪುರಾವೆಯ ವಿಷಯ

ಸಿ-97/24 ತೀರ್ಪು ಬಂತೆಂದು ಎಲ್ಲ ದಾವೆಗಳೂ ಗೆಲ್ಲುತ್ತವೆ ಅಂದುಕೊಳ್ಳುವಂತಿಲ್ಲ. ದೇಶದ ಮಾನವ ಹಕ್ಕುಗಳ ಆಯೋಗ ಬೀದಿಪಾಲಾದ ಆಶ್ರಯಾರ್ಥಿಗಳೆಲ್ಲರ ಪರವಾಗಿ ಹೂಡಿದ ದಾವೆಯನ್ನು 2024ರ ಆಗಸ್ಟ್ 1ರಂದು ಹೈಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈ ಕೊನೆಯಲ್ಲಿ, ಲಕ್ಸೆಂಬರ್ಗ್ ತೀರ್ಪಿಗೆ ಒಂದೆರಡು ದಿನ ಮುಂಚೆ, ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆ ದಾವೆ ಹೆಚ್ಚಿದ ಭತ್ಯೆ ಜಾರಿಯಾದ ನಂತರದ ಕಾಲಕ್ಕೆ ಸೇರಿದ್ದು. 25 ಯೂರೋ ಸಿಕ್ಕವನಿಗೂ ವಾರವಾರ 113.80 ಸಿಕ್ಕವನಿಗೂ ಕಾನೂನಿನ ಸ್ಥಾನ ಒಂದೇ ಅಲ್ಲ. ಗುಂಪಿನ ಪರವಾಗಿ ವಾದಿಸುವಾಗ ಪ್ರತಿಯೊಬ್ಬನ ದಿನಚರಿ ತೋರಿಸುವುದು ಕಷ್ಟ. ಒಬ್ಬನ ಪರಿಹಾರದ ದಾವೆಯಲ್ಲಿ ಅದನ್ನೇ ತೋರಿಸಬೇಕು.

ಆದ್ದರಿಂದ ಕಾಗದಗಳನ್ನು ಮೊದಲ ದಿನದಿಂದಲೇ ಕೂಡಿಡಬೇಕು. ಅರ್ಜಿ ಹಾಕಿದ ದಿನಾಂಕವಿರುವ ದಾಖಲೆ ಎಲ್ಲಕ್ಕಿಂತ ಮುಖ್ಯ, ಹೊಣೆ ಶುರುವಾಗುವುದೇ ಅಲ್ಲಿಂದ. ನಂತರ, ಜಾಗವಿಲ್ಲ ಎಂದ ಪತ್ರ ಅಥವಾ ಇಮೇಲ್. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಅದೇ ದಿನ "ಇಂದು ನನಗೆ ವಸತಿ ನಿರಾಕರಿಸಲಾಗಿದೆ, ತಿನ್ನಲು ಹಣವಿಲ್ಲ" ಎಂದು ಇಲಾಖೆಗೆ ಇಮೇಲ್ ಬರೆದಿಡಬೇಕು, ವಾರಕ್ಕೊಮ್ಮೆ ಮತ್ತೆ ಬರೆಯಬೇಕು. ಮಲಗಿದ ಜಾಗದ ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಕಡತವನ್ನೇ ಇಮೇಲ್‌ಗೆ ಲಗತ್ತಿಸಿಡುವುದು ಒಳ್ಳೆಯದು. ದಾನಸಂಸ್ಥೆಗಳಲ್ಲಿ ಊಟಕ್ಕೆ, ಸ್ನಾನಕ್ಕೆ ಸಹಿ ಹಾಕಿದ ದಿನಗಳು, ವೈದ್ಯರ ಚೀಟಿ, ಹಲ್ಲೆಯಾದರೆ ಪೊಲೀಸ್ ದೂರಿನ ಸಂಖ್ಯೆ, ಇವೆಲ್ಲ ಹಾನಿಯನ್ನು ಅಳೆಯಲು ಬೇಕಾಗುತ್ತವೆ. ಸ್ನೇಹಿತನ ಮನೆಯಲ್ಲಿ ಕಳೆದ ರಾತ್ರಿಗಳನ್ನು ಮುಚ್ಚಿಡುವವರಿದ್ದಾರೆ. ಬೇಡ. ಎಸ್.ಎ. ಮತ್ತು ಆರ್.ಜೆ. ಕೂಡ ಆಗಾಗ ತಾತ್ಕಾಲಿಕ ಆಸರೆಯಲ್ಲಿ ಇದ್ದವರೇ. ಅದರಿಂದ ಪ್ರಕರಣ ಬೀಳಲಿಲ್ಲ. ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಂದರೆ ಬೀಳುತ್ತದೆ.

ಗಡುವಿನ ಮೇಲೂ ಕಣ್ಣಿರಲಿ. ಐರ್ಲೆಂಡಿನಲ್ಲಿ ಸಾಮಾನ್ಯ ಸಿವಿಲ್ ಹಾನಿಯ ದಾವೆಗೆ ಆರು ವರ್ಷ, ದೇಹ ಅಥವಾ ಮನಸ್ಸಿನ ಗಾಯಕ್ಕೆ ಪರಿಹಾರ ಕೇಳಿದರೆ ಎರಡೇ ವರ್ಷ. ಬೀದಿಯಲ್ಲಿ ಕಳೆದ ದಿನಗಳಿಂದಾದ ಖಿನ್ನತೆಯನ್ನೂ ದಾವೆಯಲ್ಲಿ ಸೇರಿಸುವುದಾದರೆ ಎರಡು ವರ್ಷದ ಲೆಕ್ಕ ಹಿಡಿದೇ ನಡೆಯುವುದು ಕ್ಷೇಮ.

ಇನ್ನು ಮುಂದಿನ ಪ್ರಕರಣಗಳಿಗೆ ಹೊಸ ನಿಯಮ ಬರುತ್ತದೆ. 2013ರ ನಿರ್ದೇಶನದ ಜಾಗಕ್ಕೆ ಒಕ್ಕೂಟ 2024/1346 ಸಂಖ್ಯೆಯದನ್ನು ತಂದಿದೆ. ದೇಶೀಯ ಕಾನೂನಿಗೆ ಇಳಿಸಿಕೊಳ್ಳಲು ಕೊಟ್ಟ ಗಡುವು 2026ರ ಜೂನ್ 12. ಅದರ ಪ್ರಕಾರ ಆಶ್ರಯಾರ್ಥಿಗಳು ಮಿತಿಮೀರಿ ಬಂದಾಗ ಏನು ಮಾಡುತ್ತೇವೆ ಎಂಬ ತುರ್ತು ಯೋಜನೆಯನ್ನು ಪ್ರತಿ ದೇಶವೂ ಮೊದಲೇ ಬರೆದು ಒಕ್ಕೂಟದ ಆಶ್ರಯ ಸಂಸ್ಥೆಗೆ ಒಪ್ಪಿಸಬೇಕು. ಅಂಥ ಯೋಜನೆಯಲ್ಲಿ ಎಷ್ಟು ಹಾಸಿಗೆ ಎಂಬುದರ ಜೊತೆಗೆ, ಹಾಸಿಗೆ ಮುಗಿದ ದಿನ ಭತ್ಯೆ ಯಾವ ಕಚೇರಿಯಿಂದ, ಯಾವ ಕಾರ್ಡಿನ ಮೇಲೆ, ಎಷ್ಟು ಗಂಟೆಯೊಳಗೆ ಹೋಗುತ್ತದೆ ಎಂದು ಬರೆದಿದೆಯೇ ಎಂಬುದನ್ನೇ ವಕೀಲರು ಮೊದಲು ಹುಡುಕುತ್ತಾರೆ.